ಜಗ್ಗದಂತೆ ಗೇರ್ ಇಳಿಸುವುದು: ಘಟ್ಟ, ಪೇಟೆ ಮತ್ತು ಮಳೆಗಾಲಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಮುಂಬೈ, ಪುಣೆ, ಗೋವಾಗಳಲ್ಲಿ ನೆಲೆಸಿ, ಹಬ್ಬಕ್ಕೋ ಮದುವೆಗೋ ಸ್ವಂತ ಕಾರಿನಲ್ಲಿ ಊರಿಗೆ ಹೋಗಿಬರುವ ಕನ್ನಡಿಗರಿಗೆ ಘಟ್ಟ ತಪ್ಪಿದ್ದಲ್ಲ. ಮುಂಬೈಯಿಂದ ಬೆಳಗಾವಿಯ ಕಡೆಗೆ ಹೊರಟವರು ಬೋರ್ ಘಾಟ್ ಏರಿ, ಪುಣೆ ದಾಟಿ, ಖಂಬಾಟ್ಕಿ ಹತ್ತಿ, ನಿಪ್ಪಾಣಿಯ ಬಳಿ ಸ್ತವನಿಧಿ ಘಟ್ಟವನ್ನು ಹಾಯಬೇಕು. ಉಡುಪಿ, ಮಂಗಳೂರಿಗೆ ಕರಾವಳಿಯ ಹೆದ್ದಾರಿ ಹಿಡಿದವರಿಗೆ ಪೋಲಾದಪುರ ದಾಟಿದ ಮೇಲೆ, ಹಳೆಯ ರಸ್ತೆಯಲ್ಲೇ ಹೋದರೆ, ಕಶೇಡಿ ಘಟ್ಟ ಎದುರಾಗುತ್ತದೆ. ಗೋವಾದಿಂದ ಬೆಳಗಾವಿಗೆ ಚೋರ್ಲಾ, ರಾಮನಗರದ ಕಡೆಗೆ ಅನಮೋಡ, ಕಾರವಾರಕ್ಕೆ ಕಾಣಕೋಣದ ಕರ್ಮಲ್ ಘಾಟ್. ಡ್ರೈವಿಂಗ್ ಸ್ಕೂಲಿನವರು ಗೇರ್ ಏರಿಸುವುದನ್ನು ಚೆನ್ನಾಗಿಯೇ ಕಲಿಸುತ್ತಾರೆ. ಇಳಿಸುವುದನ್ನು ಮಾತ್ರ "ಸ್ಪೀಡ್ ಕಡಿಮೆಯಾದಾಗ ಸೆಕೆಂಡ್ ಹಾಕಿ" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಹೀಗಾಗಿ ವರ್ಷಗಟ್ಟಲೆ ಗಾಡಿ ಓಡಿಸಿದವರ ಕಾರಿನಲ್ಲೂ, ಮೂರರಿಂದ ಎರಡಕ್ಕೆ ಬಂದೊಡನೆ, ಹಿಂದಿನ ಸೀಟಿನಲ್ಲಿ ನಿದ್ದೆಹೋದ ಹಿರಿಯರ ತಲೆ ಮುಂದಕ್ಕೆ ತೂಗುತ್ತದೆ, ಡಿಕ್ಕಿಯಲ್ಲಿರುವ ಉಪ್ಪಿನಕಾಯಿ ಡಬ್ಬಿಗಳು ಒಂದಕ್ಕೊಂದು ತಾಕಿ ಸದ್ದು ಮಾಡುತ್ತವೆ.

ಈ ಜಗ್ಗುವಿಕೆಗೆ ಮದ್ದು ಒಂದೇ: ಕ್ಲಚ್ ಪೂರ್ತಿ ಕೂಡಿಕೊಳ್ಳುವ ಮೊದಲೇ ಎಂಜಿನ್ನು ಕೆಳಗಿನ ಗೇರಿಗೆ ಬೇಕಾದ ವೇಗದಲ್ಲಿ ತಿರುಗುತ್ತಿರಬೇಕು. ಮುಂದೆ ಹೇಳಿರುವ ವಿಧಾನಗಳೆಲ್ಲವೂ ಈ ಸ್ಥಿತಿಯನ್ನು ತಲುಪುವ ಬೇರೆಬೇರೆ ದಾರಿಗಳಷ್ಟೇ.

ಗಾಡಿ ಜಗ್ಗುವುದೇಕೆ

ಕಾರು ಒಂದೇ ವೇಗದಲ್ಲಿ ಓಡುತ್ತಿದ್ದರೂ ಗೇರ್ ಬದಲಾದಂತೆ ಎಂಜಿನ್ ತಿರುಗಬೇಕಾದ ವೇಗ ಬದಲಾಗುತ್ತದೆ. ಒಂದು ಸಾಮಾನ್ಯ ಸಣ್ಣ ಪೆಟ್ರೋಲ್ ಕಾರನ್ನು ಉದಾಹರಣೆಗೆ ತೆಗೆದುಕೊಂಡು, ಅದರ ಗೇರ್ ಅನುಪಾತಗಳು (ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ತಿರುಗಬೇಕಾದ ಸುತ್ತುಗಳು) ಒಂದರಿಂದ ಐದರವರೆಗೆ ಕ್ರಮವಾಗಿ 3.55, 1.90, 1.28, 0.97 ಮತ್ತು 0.76 ಎಂದಿಟ್ಟುಕೊಳ್ಳೋಣ. ಎಂಜಿನ್ 2000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 2000 ಸುತ್ತು, ತಿರುಗುತ್ತಿರುವಾಗ ಐದರಿಂದ ನಾಲ್ಕಕ್ಕೆ ಇಳಿಸಿದರೆ ಅದು ಸುಮಾರು 2550ಕ್ಕೆ ಏರಬೇಕಾಗುತ್ತದೆ. ನಾಲ್ಕರಿಂದ ಮೂರಕ್ಕೆ ಇಳಿಸಿದರೆ 2640, ಮೂರರಿಂದ ಎರಡಕ್ಕೆ ಇಳಿಸಿದರೆ 2970, ಎರಡರಿಂದ ಒಂದಕ್ಕೆ ಇಳಿಸಿದರೆ 3740ರ ಆಸುಪಾಸು. ಕೆಳಗಿನ ಗೇರುಗಳಿಗೆ ಬಂದಷ್ಟೂ ಅಂತರ ಹಿಗ್ಗುತ್ತದೆ. ಐದರಿಂದ ನಾಲ್ಕಕ್ಕೆ ಇಳಿಸುವಾಗ ಯಾರಿಗೂ ತಿಳಿಯದ ತಪ್ಪು, ಮೂರರಿಂದ ಎರಡಕ್ಕೆ ಇಳಿಸುವಾಗ ಕಾರಿನಲ್ಲಿ ಕುಳಿತವರಿಗೆಲ್ಲ ತಿಳಿಯುವುದು ಇದರಿಂದಲೇ.

ಕ್ಲಚ್ ಒತ್ತಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಎಂಜಿನ್ ವೇಗ ಬೀಳತೊಡಗುತ್ತದೆ. ಮೂರರಿಂದ ಎರಡಕ್ಕೆ ಇಳಿಸುವಾಗ, 2000ದಲ್ಲಿದ್ದದ್ದು ಗೇರ್ ಬೀಳುವಷ್ಟರಲ್ಲಿ 1200ಕ್ಕೆ ಬಂದಿರಬಹುದು. ಚಕ್ರಗಳು ಕೇಳುತ್ತಿರುವುದು ಮಾತ್ರ 2970. ಈಗ ಕ್ಲಚ್ ಬಿಟ್ಟರೆ ಎಂಜಿನ್ನನ್ನು ಅಷ್ಟು ಮೇಲಕ್ಕೆ ಎಳೆಯುವ ಕೆಲಸ ಕಾರಿನ ಓಟದ ಮೇಲೆಯೇ ಬೀಳುತ್ತದೆ, ಕಾರು ತಟ್ಟನೆ ನಿಧಾನವಾಗುತ್ತದೆ, ಕ್ಲಚ್ ಪ್ಲೇಟು ಅಷ್ಟೂ ಹೊತ್ತು ಉಜ್ಜಿಕೊಳ್ಳುತ್ತದೆ. ಚಲಿಸುತ್ತಿರುವ ಲೋಕಲ್ ರೈಲಿನಿಂದ ಪ್ಲಾಟ್‌ಫಾರ್ಮಿಗೆ ಇಳಿಯುವವನು ಅದರ ಜೊತೆಗೇ ನಾಲ್ಕು ಹೆಜ್ಜೆ ಓಡುವುದನ್ನು ದಾದರ್‌ನಲ್ಲಿ ಯಾರು ನೋಡಿಲ್ಲ? ಓಡದೆ ಕಾಲೂರಿದವನು ಮುಗ್ಗರಿಸುತ್ತಾನೆ. ಅಲ್ಲಿ ಅದು ಮಾಡಬಾರದ ಕೆಲಸ, ಇಲ್ಲಿ ಮಾಡಲೇಬೇಕಾದದ್ದು.

ಗೇರ್‌ಬಾಕ್ಸಿನೊಳಗೆ ಸಿಂಕ್ರೋಮೆಶ್ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಸಿಂಕ್ರೋ ಉಂಗುರಗಳು ಒಳಗಿನ ಶಾಫ್ಟ್ ಮತ್ತು ಗೇರುಗಳ ವೇಗವನ್ನು ಸರಿದೂಗಿಸಿ, ಹಲ್ಲುಗಳು ಕರಕರ ಎನ್ನದೆ ಕೂಡುವಂತೆ ಮಾಡುತ್ತವೆ. ಅವುಗಳ ಕೆಲಸ ಅಲ್ಲಿಗೆ ಮುಗಿಯಿತು. ಕ್ಲಚ್ಚಿನ ಆಚೆ ಬದಿಯಲ್ಲಿರುವ ಎಂಜಿನ್ನಿನ ವೇಗವನ್ನು ಅವು ಮುಟ್ಟಲಾರವು. ಅದು ಚಾಲಕರ ಬಲಗಾಲಿನ ಪಾಲಿಗೆ ಬಿಟ್ಟದ್ದು.

ಕೂರುವ ರೀತಿ, ಕೈಯ ಹಿಡಿತ

ಕ್ಲಚ್ ಪೂರ್ತಿ ಒತ್ತಿದಾಗಲೂ ಎಡಮೊಣಕಾಲು ಸ್ವಲ್ಪ ಮಡಿಚಿಕೊಂಡೇ ಇರುವಷ್ಟು ಸೀಟನ್ನು ಮುಂದಕ್ಕೆ ಎಳೆದುಕೊಳ್ಳಬೇಕು. ಚಪ್ಪಲಿಯ ಬದಲು ತೆಳು ಅಡಿಯ ಶೂ ಒಳ್ಳೆಯದು. ಗೇರ್ ಬದಲಿಸದ ಹೊತ್ತಿನಲ್ಲಿ ಎಡಪಾದ ಕ್ಲಚ್ ಪೆಡಲ್ ಮೇಲೆ ಇರಲೇಕೂಡದು.

ಗೇರ್ ಲಿವರನ್ನು ಮುಷ್ಟಿ ಬಿಗಿದು ಹಿಡಿಯುವ ಅಭ್ಯಾಸದಿಂದ ಆಗುವ ನಷ್ಟ ದೊಡ್ಡದು. ಲಿವರಿನ ಬುಡದಲ್ಲಿರುವ ಸ್ಪ್ರಿಂಗು ಅದನ್ನು ಸದಾ ಮೂರು-ನಾಲ್ಕರ ಸಾಲಿಗೆ ತಂದು ನಿಲ್ಲಿಸುತ್ತದೆ. ಐದರಿಂದ ನಾಲ್ಕಕ್ಕೆ ಬರುವಾಗ ಲಿವರನ್ನು ಬರಿದೆ ಹಿಂದಕ್ಕೆ ಎಳೆದರೆ ಸಾಕು, ಸ್ಪ್ರಿಂಗು ತಾನಾಗಿ ನಡುವಿನ ಸಾಲಿಗೆ ಒಯ್ಯುತ್ತದೆ. ಕೈಯಿಂದ ಎಡಕ್ಕೆ ದೂಡಿದರೆ ನಾಲ್ಕರ ಬದಲು ಎರಡು ಬಿದ್ದೀತು. ಮೇಲಿನ ಉದಾಹರಣೆಯ ಕಾರಿನಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಎರಡನೆಯ ಗೇರ್ ಎಂದರೆ ಸುಮಾರು 6000 ಆರ್‌ಪಿಎಂ. 100ರಲ್ಲಿ ಅದು 7500 ದಾಟುತ್ತದೆ. ಎಂಜಿನ್ನಿನ ರೆವ್ ಲಿಮಿಟರ್ ಇಂಧನವನ್ನು ನಿಲ್ಲಿಸಬಲ್ಲದೇ ಹೊರತು, ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಿರುವಾಗ ಅದನ್ನು ತಡೆಯಲಾರದು. ವಾಲ್ವುಗಳು ಬಾಗುವುದು ಇಂಥ ಗಳಿಗೆಯಲ್ಲಿಯೇ. ಆದ್ದರಿಂದ ನಾಲ್ಕಕ್ಕೆ ಮತ್ತು ಮೂರಕ್ಕೆ ಸಡಿಲವಾದ ಅಂಗೈಯಿಂದ ನೇರ ಚಲನೆ ಸಾಕು. ಎರಡಕ್ಕೆ ಬರುವಾಗ ಮಾತ್ರ ಅಂಗೈಯನ್ನು ಚಾಲಕರ ಕಡೆಯಿಂದ ಎಡಕ್ಕೆ ಒತ್ತಿ ಹಿಂದಕ್ಕೆ ತರಬೇಕು.

ಮೂಲ ವಿಧಾನ: ಮೂರರಿಂದ ಎರಡಕ್ಕೆ

ಕಲಿಯಲು ಅತ್ಯಂತ ಕಷ್ಟದ ಬದಲಾವಣೆಯಿಂದಲೇ ಶುರುಮಾಡುವುದು ಮೇಲು. ಇದು ಕೈಗೆ ಬಂದರೆ ಉಳಿದವು ತಾವಾಗಿ ಬರುತ್ತವೆ. ಭಾನುವಾರದ ಮುಂಜಾವಿನಲ್ಲಿ ಖಾರ್ಘರ್‌ನ ಅಗಲ ರಸ್ತೆಗಳಂಥ ಜಾಗ ಅಭ್ಯಾಸಕ್ಕೆ ತಕ್ಕದ್ದು. ಹಿಂದೆ ಯಾವ ವಾಹನವೂ ಇಲ್ಲವೆಂದು ಕನ್ನಡಿಯಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ತೊಡಗಬೇಕು.

ಮೊದಲು ಮೂರನೆಯ ಗೇರಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಮವಾಗಿ ಓಡಿಸುತ್ತ ಆರ್‌ಪಿಎಂ ಮುಳ್ಳು ಎಲ್ಲಿದೆ ಎಂದು ನೋಡಿಕೊಳ್ಳಿ. ಉದಾಹರಣೆಯ ಕಾರಿನಲ್ಲಿ ಅದು 1500ರ ಆಸುಪಾಸು ಇರುತ್ತದೆ. ನಂತರ ಎರಡನೆಯ ಗೇರಿನಲ್ಲಿ ಅದೇ 30ರಲ್ಲಿ ಓಡಿಸಿ ಮುಳ್ಳು ಎಲ್ಲಿದೆ ಎಂದು ನೋಡಿ. ಅದು 2200ರ ಮೇಲಿರುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರವೇ ನಿಮ್ಮ ಬಲಗಾಲು ತುಂಬಬೇಕಾದ ಜಾಗ. ಅಂಕಿಗಿಂತಲೂ ಎರಡೂ ಸ್ಥಿತಿಗಳಲ್ಲಿ ಎಂಜಿನ್ನಿನ ದನಿ ಹೇಗಿದೆ ಎಂಬುದನ್ನು ಕಿವಿಯಲ್ಲಿ ಹಿಡಿದಿಟ್ಟುಕೊಳ್ಳಿ. ರಸ್ತೆಯ ಮೇಲೆ ಮುಳ್ಳು ನೋಡಲು ಪುರುಸೊತ್ತು ಇರುವುದಿಲ್ಲ. ಈ ಪಾಠದ ಹೊತ್ತಿನಲ್ಲಿ ಹಾಡು ನಿಲ್ಲಿಸಿ, ಏಸಿಯ ಫ್ಯಾನನ್ನೂ ತಗ್ಗಿಸಿಕೊಳ್ಳುವುದು ವಾಸಿ.

ಈಗ ಮೂರನೆಯ ಗೇರಿನಲ್ಲಿ 30ರ ವೇಗಕ್ಕೆ ಬನ್ನಿ. ಕ್ಲಚ್ಚನ್ನು ಪೂರ್ತಿ ಒತ್ತಿ, ಲಿವರನ್ನು ಮೂರರಿಂದ ಹೊರತನ್ನಿ. ಅದು ನ್ಯೂಟ್ರಲ್ ಹಾಯುತ್ತಿರುವಾಗಲೇ ಬಲಗಾಲಿನಿಂದ ಆಕ್ಸಿಲರೇಟರನ್ನು ಚುಟುಕಾಗಿ ಒಮ್ಮೆ ಒತ್ತಿ ಬಿಡಿ. ನಮ್ಮವರು ರೇಸ್ ಕೊಡುವುದು ಎನ್ನುತ್ತಾರಲ್ಲ, ಅದನ್ನೇ, ಆದರೆ ಅರೆಕ್ಷಣ ಮಾತ್ರ. ಎಂಜಿನ್ ದನಿ ಏರುತ್ತಿರುವಾಗ ಲಿವರ್ ಎರಡರಲ್ಲಿ ಕೂತಿರಬೇಕು, ದನಿ ಇಳಿಮುಖವಾಗುವ ಮೊದಲು ಕ್ಲಚ್ ಮೇಲೆ ಬರುತ್ತಿರಬೇಕು. ಕ್ಲಚ್ಚನ್ನು ಒಮ್ಮೆಲೇ ಬಿಟ್ಟುಬಿಡದೆ, ಹಿಡಿಯುವ ಜಾಗದವರೆಗೆ ಬೇಗ ತಂದು, ಅಲ್ಲಿ ಕಣ್ಣೆವೆಯಷ್ಟು ಹೊತ್ತು ತಡೆದು, ಪೂರ್ತಿ ಬಿಡಿ. ಎಲ್ಲವೂ ಸೇರಿ ಒಂದು ಸೆಕೆಂಡಿನ ಒಳಹೊರಗಿನ ಕೆಲಸ.

ಆದದ್ದು ಸರಿಯೋ ತಪ್ಪೋ ಎಂಬುದನ್ನು ಕಾರೇ ಹೇಳುತ್ತದೆ. ಕ್ಲಚ್ ಬಿಟ್ಟಾಗ ಮೂಗು ಕೆಳಕ್ಕೆ ಕುಸಿದು ಮೈ ಮುಂದಕ್ಕೆ ವಾಲಿದರೆ ರೇಸ್ ಕಡಿಮೆಯಾಗಿದೆ, ಇಲ್ಲವೇ ರೇಸ್ ಕೊಟ್ಟ ಮೇಲೆ ಕ್ಲಚ್ ಬಿಡಲು ತಡವಾಗಿ ದನಿ ಮತ್ತೆ ಬಿದ್ದುಹೋಗಿದೆ. ಕಾರು ಮುಂದಕ್ಕೆ ಚಿಮ್ಮಿ ಬೆನ್ನು ಸೀಟಿಗೆ ಒರಗಿದರೆ ರೇಸ್ ಹೆಚ್ಚಾಗಿದೆ. ಕಲಿಯುವವರಲ್ಲಿ ಹೆಚ್ಚಿನವರು ಹೆದರಿಕೆಯಿಂದ ಕಡಿಮೆಯೇ ಕೊಡುತ್ತಾರೆ. ಪೆಡಲನ್ನು ನಿಧಾನವಾಗಿ ಒತ್ತಿ ನಿಧಾನವಾಗಿ ಬಿಡುತ್ತಾರೆ. ಒತ್ತು ಗಿಡ್ಡದಾಗಿಯೂ ಗಟ್ಟಿಯಾಗಿಯೂ ಇರಬೇಕು. ಇತ್ತೀಚಿನ ಕಾರುಗಳಲ್ಲಿ ಆಕ್ಸಿಲರೇಟರಿಗೆ ಕೇಬಲ್ ಇಲ್ಲದೆ ಎಲೆಕ್ಟ್ರಾನಿಕ್ ಸಂಪರ್ಕ ಇರುವುದರಿಂದ, ಒತ್ತಿದ್ದಕ್ಕೂ ಎಂಜಿನ್ ಏರುವುದಕ್ಕೂ ನಡುವೆ ಒಂದಿಷ್ಟು ತಡ ಇರುತ್ತದೆ. ಅಂಥ ಕಾರಿನಲ್ಲಿ ಲಿವರ್ ಮೂರರಿಂದ ಹೊರಬರುವಾಗಲೇ ಒತ್ತಬೇಕಾಗುತ್ತದೆ. ಡೀಸೆಲ್ ಎಂಜಿನ್ನುಗಳು ಕಡಿಮೆ ಆರ್‌ಪಿಎಂನಲ್ಲೇ ದುಡಿಯುವುದರಿಂದ ಮುಳ್ಳು ಅಷ್ಟು ಎತ್ತರಕ್ಕೆ ಹೋಗಬೇಕಿಲ್ಲ, ಆದರೆ ಅವುಗಳ ತಿರುಗುವ ಭಾಗಗಳು ಭಾರವಾದ ಕಾರಣ ಒತ್ತು ಸ್ವಲ್ಪ ಉದ್ದವಾಗಿರಬೇಕು.

ಪೆಡಲ್ ಎತ್ತದೆ ಇಳಿಸುವ ಸುಲಭ ದಾರಿ

ಮುಂದಿನ ಲಾರಿಯನ್ನು ಹಿಂದಿಕ್ಕಲು ನಾಲ್ಕರಿಂದ ಮೂರಕ್ಕೆ ಬರುವಾಗ ರೇಸ್ ಕೊಟ್ಟು ಬಿಡುವ ಗೊಡವೆಯೇ ಬೇಡ. ಆಕ್ಸಿಲರೇಟರನ್ನು ಪೂರ್ತಿ ಬಿಡದೆ, ಹಿಂದೆ ಇದ್ದಷ್ಟೇ ಇಲ್ಲವೇ ಕೂದಲೆಳೆ ಹೆಚ್ಚಾಗಿ ಒತ್ತಿ ಹಿಡಿದುಕೊಂಡೇ ಕ್ಲಚ್ ಒತ್ತಿರಿ. ಹೊರೆ ಇಳಿದ ಎಂಜಿನ್ ತಾನಾಗಿ ಮೇಲೇರುತ್ತದೆ. ಅಷ್ಟರಲ್ಲಿ ಲಿವರನ್ನು ನೇರ ಮುಂದಕ್ಕೆ ದೂಡಿ ಮೂರು ಹಾಕಿ, ದನಿ ತಕ್ಕ ಎತ್ತರಕ್ಕೆ ಬಂದಾಗ ಕ್ಲಚ್ ಬಿಡಿ. ಕಾರು ಜಗ್ಗದೆ ಎಳೆತಕ್ಕೆ ಸಿದ್ಧವಾಗಿರುತ್ತದೆ. ಹೊಸಬರಿಗೆ ಇದನ್ನೂ ತಪ್ಪದೆ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಇದು ವೇಗ ಹೆಚ್ಚಿಸುವಾಗ ಒದಗುವ ವಿಧಾನ, ಬ್ರೇಕ್ ಮೇಲೆ ಕಾಲಿರುವಾಗ ಒದಗದು.

ಬ್ರೇಕ್ ಮೊದಲು, ಗೇರ್ ಆಮೇಲೆ

ಕಾರನ್ನು ನಿಧಾನಗೊಳಿಸುವ ಕೆಲಸ ಬ್ರೇಕಿನದು. ಮುಂದಿನ ಕೆಲಸಕ್ಕೆ ಕಾರನ್ನು ಸಜ್ಜುಗೊಳಿಸುವುದು ಗೇರಿನದು. ಬ್ರೇಕ್ ಪ್ಯಾಡ್ ಬದಲಿಸುವುದು ಸಣ್ಣ ಕೆಲಸ. ಕ್ಲಚ್ ಸೆಟ್ ಹಾಕಬೇಕಾದರೆ ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು. 80ರಲ್ಲಿ ಓಡುತ್ತಿರುವಾಗ ಬ್ರೇಕ್ ಮುಟ್ಟದೆ ಮೂರು, ಎರಡು ಎಂದು ಗೇರಿನಿಂದಲೇ ನಿಲ್ಲಿಸಲು ಹೋಗುವವರು ಬ್ರೇಕಿನ ಹಣ ಉಳಿಸಿ ಕ್ಲಚ್ಚಿಗೆ ಕೊಡುತ್ತಾರೆ. ಅಲ್ಲದೆ ಗೇರ್ ಇಳಿಸಿ ನಿಧಾನವಾಗುವಾಗ ಹಿಂದಿನ ಕೆಂಪು ದೀಪ ಹೊತ್ತುವುದಿಲ್ಲ. ಹಿಂಬದಿಯ ಟೆಂಪೋದವನಿಗೆ ನೀವು ನಿಧಾನಿಸಿದ್ದೇ ಗೊತ್ತಾಗುವುದಿಲ್ಲ.

ತಿರುವಿನ ಮುಂಚೆ ಕ್ರಮ ಹೀಗಿರಲಿ: ಸ್ಟೀರಿಂಗ್ ನೇರವಿರುವಾಗಲೇ ಬ್ರೇಕ್ ಹಾಕಿ ವೇಗವನ್ನು ಕೆಳಗಿನ ಗೇರಿನ ಮಿತಿಗೆ ತನ್ನಿ, ಬ್ರೇಕಿನಿಂದ ಕಾಲು ತೆಗೆಯಿರಿ, ಆ ಕಾಲಿನಿಂದಲೇ ಚುಟುಕು ರೇಸ್ ಕೊಟ್ಟು ಗೇರ್ ಇಳಿಸಿ, ಕ್ಲಚ್ ಪೂರ್ತಿ ಬಿಟ್ಟ ಮೇಲೆಯೇ ತಿರುಗಿಸಿ. ಬ್ರೇಕ್ ಒತ್ತುವ ಮೊದಲೇ ಕ್ಲಚ್ ಒತ್ತುವುದು ಬಹಳ ಜನರಿಗೆ ಅಂಟಿದ ಚಾಳಿ. ಕ್ಲಚ್ ಒತ್ತಿದ ಕ್ಷಣದಿಂದ ಎಂಜಿನ್ನಿನ ತಡೆ ಕಳೆದುಹೋಗಿ, ಕಾರಿನ ಅಷ್ಟೂ ಭಾರ ಬ್ರೇಕಿನ ಮೇಲೆಯೇ ಬೀಳುತ್ತದೆ.

ಗೇರುಗಳನ್ನು ಒಂದೊಂದಾಗಿಯೇ ಇಳಿಸಬೇಕೆಂಬ ನಿಯಮವಿಲ್ಲ. ಟೋಲ್ ನಾಕಾ ಎದುರಾದಾಗ ಐದರಲ್ಲೇ ಬ್ರೇಕ್ ಹಾಕುತ್ತ 35ಕ್ಕೆ ಬಂದು ನೇರವಾಗಿ ಮೂರಕ್ಕೆ ಇಳಿಸಬಹುದು. ಎಂಜಿನ್ ನಡುಗುವ ಮೊದಲು ಕ್ಲಚ್ ಒತ್ತಿ, ಇನ್ನೂ ನಿಧಾನವಾಗಿ 20ರ ಹತ್ತಿರ ಬಂದಿದ್ದರೆ ಎರಡಕ್ಕೇ ಬರಬಹುದು. ಲೆಕ್ಕಕ್ಕೆ ಬರುವುದು ಹೊಸ ಗೇರಿಗೂ ಆ ಹೊತ್ತಿನ ವೇಗಕ್ಕೂ ಇರುವ ಹೊಂದಿಕೆ ಮಾತ್ರ. ಒಂದನೆಯ ಗೇರ್ ಇದಕ್ಕೆ ಹೊರತು: ಕಾರು ನಡಿಗೆಯ ವೇಗಕ್ಕೆ ಬರುವವರೆಗೆ ಅದರ ತಂಟೆಗೆ ಹೋಗಬಾರದು.

ಘಟ್ಟ ಇಳಿಯುವಾಗ

ಕೊಲ್ಹಾಪುರದ ಕಡೆಯಿಂದ ಪುಣೆಗೆ ಬರುವವರು ಕಾತ್ರಜದ ಹೊಸ ಸುರಂಗ ದಾಟಿದೊಡನೆ ನರ್ಹೆಯ ನವಲೆ ಸೇತುವೆಯವರೆಗೆ ಉದ್ದವಾದ ಇಳಿಜಾರು ಸಿಗುತ್ತದೆ. ರಸ್ತೆ ಅಗಲವಾಗಿದೆ, ತಿರುವು ಕಡಿಮೆ, ಇಳಿಜಾರೆಂದು ಕಣ್ಣಿಗೆ ಅಷ್ಟಾಗಿ ಅನ್ನಿಸುವುದೂ ಇಲ್ಲ. ಅಪಾಯ ಇರುವುದೇ ಅಲ್ಲಿ. 2022ರ ನವೆಂಬರ್‌ನಲ್ಲಿ ಒಂದು ಭಾರಿ ವಾಹನ ಇದೇ ಇಳಿಜಾರಿನಲ್ಲಿ ಹತ್ತಾರು ವಾಹನಗಳಿಗೆ ಡಿಕ್ಕಿ ಹೊಡೆದಿತ್ತು. ರಾತ್ರಿಯಿಡೀ ಓಡಿಸಿ ಬಂದವರು ಇಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಉರುಳಿಸಿಕೊಂಡು ಬರುವುದನ್ನು ಈಗಲೂ ಕಾಣಬಹುದು. ಡೀಸೆಲ್ ಉಳಿಯುತ್ತದೆ ಎಂಬುದು ಅವರ ಸಮಾಧಾನ.

ಅದು ಉಳಿಯುವುದಿಲ್ಲ. ಇಂಧನ ಇಂಜೆಕ್ಷನ್ ಇರುವ ಇಂದಿನ ಕಾರುಗಳಲ್ಲಿ, ಗೇರ್ ಹಾಕಿಕೊಂಡೇ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ಇಳಿಯುವಾಗ, ಎಂಜಿನ್ ವೇಗ ಒಂದು ಮಿತಿಗಿಂತ ಮೇಲಿರುವವರೆಗೆ ಇಂಜೆಕ್ಟರುಗಳು ಇಂಧನವನ್ನೇ ನಿಲ್ಲಿಸಿಬಿಡುತ್ತವೆ. ಎಂಜಿನ್ನನ್ನು ತಿರುಗಿಸುವುದು ಇಳಿಜಾರು. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಉಳಿಯಲು ಇಂಧನ ಸುಡಲೇಬೇಕು. ಎಂಜಿನ್ನನ್ನೇ ಆರಿಸಿ ಇಳಿಯುವವರ ಪಾಡು ಇನ್ನೂ ಕಷ್ಟ: ಬ್ರೇಕಿಗೆ ಬಲ ಕೊಡುವ ನಿರ್ವಾತ ಎರಡು ಮೂರು ಒತ್ತಿಗೆ ಖಾಲಿಯಾಗಿ ಪೆಡಲ್ ಕಲ್ಲಿನಂತಾಗುತ್ತದೆ, ಪವರ್ ಸ್ಟೀರಿಂಗ್ ಕೈಕೊಡುತ್ತದೆ.

ಸರಿಯಾದ ಕ್ರಮವೆಂದರೆ ಇಳಿಜಾರು ಶುರುವಾಗುವ ಮೊದಲೇ, ರಸ್ತೆ ಇನ್ನೂ ಸಮತಟ್ಟಾಗಿರುವಾಗ, ಗೇರ್ ಇಳಿಸಿಕೊಳ್ಳುವುದು. ಇಳಿಜಾರಿನ ನಡುವೆ ಕ್ಲಚ್ ಒತ್ತಿದರೆ ಆ ಒಂದು ಸೆಕೆಂಡಿನಲ್ಲೇ ಕಾರು ವೇಗ ಹೆಚ್ಚಿಸಿಕೊಂಡು, ಇಳಿಸಬೇಕಾದ ಗೇರಿನ ಮಿತಿಯನ್ನು ಮೀರಬಹುದು. ಯಾವ ಗೇರ್ ಎಂಬುದಕ್ಕೆ ಹಳೆಯ ಲಾರಿ ಚಾಲಕರ ಮಾತು ಒಂದಿದೆ: ಏರಿದ ಗೇರಿನಲ್ಲೇ ಇಳಿಯಬೇಕು. ಈಗಿನ ಎಂಜಿನ್ನುಗಳು ಬಲಶಾಲಿಯಾಗಿ, ಮೂರನೆಯ ಗೇರಿನಲ್ಲಿ ಆರಾಮವಾಗಿ ಏರುವ ಕಾರು ಇಳಿಯುವಾಗ ಎರಡನ್ನು ಕೇಳುವುದುಂಟು. ಆದ್ದರಿಂದ ಆ ಮಾತನ್ನು ಆರಂಭದ ಅಂದಾಜಾಗಿ ಮಾತ್ರ ಇಟ್ಟುಕೊಳ್ಳಬೇಕು. ಕಾಲನ್ನು ಎರಡೂ ಪೆಡಲುಗಳಿಂದ ತೆಗೆದಾಗ ಕಾರು ತನ್ನ ವೇಗವನ್ನು ಹೆಚ್ಚೂಕಡಿಮೆ ಹಾಗೆಯೇ ಕಾಯ್ದುಕೊಂಡರೆ ಗೇರ್ ಸರಿಯಿದೆ. ವೇಗ ಏರುತ್ತಲೇ ಹೋದರೆ, ಬ್ರೇಕ್ ಹಾಕಿ ವೇಗ ತಗ್ಗಿಸಿ ಇನ್ನೊಂದು ಗೇರ್ ಇಳಿಸಬೇಕು. ಚೋರ್ಲಾದ ಹಿಮ್ಮುರಿ ತಿರುವುಗಳಿಗೆ ಸಣ್ಣ ಕಾರುಗಳಿಗೆಲ್ಲ ಎರಡನೆಯ ಗೇರೇ ಹೊಂದುತ್ತದೆ. ಎಂಜಿನ್ 3000, 3500 ಆರ್‌ಪಿಎಂನಲ್ಲಿ ಗುಂಯ್‌ಗುಡುವುದನ್ನು ಕೇಳಿ ಪಕ್ಕದಲ್ಲಿ ಕುಳಿತವರು ಗಾಬರಿಯಾಗಿ "ಗೇರ್ ಹಾಕ್ರೀ, ಎಂಜಿನ್ ಅಳ್ತಾ ಇದೆ" ಎನ್ನುವುದುಂಟು. ಆರ್‌ಪಿಎಂ ಮುಳ್ಳು ಮೀರಬಾರದ ಕೆಂಪು ಗೆರೆಯಿಂದ ದೂರವಿರುವವರೆಗೆ ಆ ದನಿಯಿಂದ ಎಂಜಿನ್ನಿಗೆ ಯಾವ ಕೇಡೂ ಇಲ್ಲ.

ಇಷ್ಟಾದರೂ ಬ್ರೇಕ್ ಬೇಕಾಗುತ್ತದೆ. ಅದನ್ನು ಉದ್ದಕ್ಕೂ ಮೆಲ್ಲಗೆ ಒತ್ತಿ ಹಿಡಿದುಕೊಂಡಿರುವ ಬದಲು, ಒಮ್ಮೆ ಗಟ್ಟಿಯಾಗಿ ಒತ್ತಿ ಬೇಕಾದಷ್ಟು ವೇಗ ಇಳಿಸಿ, ಪೂರ್ತಿ ಬಿಟ್ಟು, ಡಿಸ್ಕುಗಳಿಗೆ ಗಾಳಿ ತಾಗಲು ಬಿಡಬೇಕು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 3 ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು, ತೇವ ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಕುದಿದಾಗ ಕೊಳವೆಯೊಳಗೆ ಹಬೆ ತುಂಬಿ ಪೆಡಲ್ ಮೆತ್ತಗೆ ಒಳಕ್ಕೆ ಹೋಗುತ್ತದೆ. ಕೊಂಕಣದ ಮಳೆಗಾಲಗಳನ್ನು ಕಂಡ ಹಳೆಯ ಫ್ಲೂಯಿಡ್ ಇಟ್ಟುಕೊಂಡು, ಐದು ಜನ ಮತ್ತು ತುಂಬಿದ ಡಿಕ್ಕಿಯೊಂದಿಗೆ ಘಟ್ಟ ಇಳಿಯುವವರು ಗೇರಿನ ತಡೆಯನ್ನು ಬಿಟ್ಟುಕೊಡುವಂತಿಲ್ಲ.

ಬ್ರೇಕ್ ನಿಜವಾಗಿಯೂ ಕೈಕೊಟ್ಟರೆ ಪೆಡಲನ್ನು ಬೇಗ ಬೇಗ ಹಲವು ಸಲ ಒತ್ತುತ್ತ, ಒಂದೊಂದೇ ಗೇರ್ ಇಳಿಸುತ್ತ, ಹ್ಯಾಂಡ್‌ಬ್ರೇಕನ್ನು ಗುಂಡಿ ಒತ್ತಿಹಿಡಿದು ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕು. ಈ ಹೊತ್ತಿನಲ್ಲಿ ಜಗ್ಗುತ್ತದೆಂಬ ಚಿಂತೆ ಬೇಡ, ಜಗ್ಗಿದರೇ ಒಳ್ಳೆಯದು.

ಏರುವಾಗ

ಏರಿನಲ್ಲಿ ಗೇರ್ ಇಳಿಸಲು ತಡಮಾಡುವುದು ಸಾಮಾನ್ಯ ತಪ್ಪು. ಕಾರು ಗದಗುಟ್ಟಿ, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಳೆಯುತ್ತಿಲ್ಲ ಎನ್ನಿಸುವಷ್ಟರಲ್ಲಿ ವೇಗ ಅರ್ಧ ಕಳೆದಿರುತ್ತದೆ. ಆಗ ಕ್ಲಚ್ ಒತ್ತಿದರೆ ಉಳಿದ ಓಟವೂ ಹೋಗಿ ಮೂರರ ಬದಲು ಎರಡನ್ನೇ ಹುಡುಕಬೇಕಾಗುತ್ತದೆ. ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದರೂ ದನಿ ಏರದಿದ್ದರೆ ಅದೇ ಸೂಚನೆ, ಕೂಡಲೇ ಇಳಿಸಬೇಕು. ಪುಣೆಯಿಂದ ಸಾತಾರಾ ಕಡೆಗೆ ಹೋಗುವಾಗ ಖಂಬಾಟ್ಕಿ ಏರಿನಲ್ಲಿ ಹೊರೆ ತುಂಬಿದ ಲಾರಿಗಳು ನಡಿಗೆಯ ವೇಗದಲ್ಲಿ ತೆವಳುತ್ತಿರುತ್ತವೆ. ಅವುಗಳ ಬಾಲಕ್ಕೆ ಅಂಟಿಕೊಂಡು ಹೋದರೆ ಮತ್ತೆ ಮತ್ತೆ ಹಾಫ್ ಕ್ಲಚ್‌ನಲ್ಲಿ ನಿಲ್ಲಬೇಕಾಗಿ ಪ್ಲೇಟು ಸುಡುತ್ತದೆ. ಎರಡನೆಯ ಗೇರಿನಲ್ಲಿ ನಿಲ್ಲದೆ ಉರುಳಲು ಸಾಲುವಷ್ಟು ಅಂತರ ಬಿಟ್ಟುಕೊಳ್ಳಿ.

ಏರುವಾಗ ಎಂಜಿನ್ ವೇಗ ಹೊಂದಿಸುವುದು ಸಮತಟ್ಟಿಗಿಂತ ಸುಲಭ. ಕ್ಲಚ್ ಒತ್ತಿದ ಕೂಡಲೇ ಕಾರೂ ನಿಧಾನವಾಗುವುದರಿಂದ ತುಂಬಬೇಕಾದ ಅಂತರ ತಾನೇ ಕುಗ್ಗುತ್ತದೆ. ಆಕ್ಸಿಲರೇಟರ್ ಹಿಡಿದೇ ಇಳಿಸುವ ವಿಧಾನ ಇಲ್ಲಿ ಚೆನ್ನಾಗಿ ಒಪ್ಪುತ್ತದೆ; ಲಿವರ್ ಚಲನೆ ಮಾತ್ರ ಚುರುಕಾಗಿರಬೇಕು. ಸಿಎನ್‌ಜಿಯಲ್ಲಿ ಓಡುವಾಗ ಎಂಜಿನ್ನಿನ ಎಳೆತ ಪೆಟ್ರೋಲಿಗಿಂತ ತುಸು ಕಡಿಮೆ, ಆದ್ದರಿಂದ ಅಂಥ ಕಾರಿನವರು ಇನ್ನೂ ಮುಂಚಿತವಾಗಿ ಇಳಿಸಬೇಕು. ಕಿರಿದಾದ ಏರಿನಲ್ಲಿ ಎದುರುಬದುರಾದಾಗ ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ನಮ್ಮ ರಸ್ತೆ ನಿಯಮ. ಸಿಂಹಗಡದ ರಸ್ತೆಯಲ್ಲಿ ವಾರಾಂತ್ಯಕ್ಕೆ ಅದನ್ನು ನೆಚ್ಚಿಕೊಂಡು ಕೂರಬೇಡಿ.

ಪೇಟೆಯಲ್ಲಿ

ಸಿಗ್ನಲ್ ಕೆಂಪಾಗಿದ್ದು ನಿಲ್ಲುವುದು ಖಚಿತವಿದ್ದರೆ ಇದ್ದ ಗೇರಿನಲ್ಲೇ ಬ್ರೇಕ್ ಹಾಕುತ್ತ ಬಂದು, ಎಂಜಿನ್ ನಡುಗುವ ಮೊದಲು ಕ್ಲಚ್ ಒತ್ತಿ, ನಿಂತ ಮೇಲೆ ನ್ಯೂಟ್ರಲ್‌ಗೆ ತಂದರೆ ಸಾಕು. ನಾಲ್ಕು, ಮೂರು, ಎರಡು ಎಂದು ಮೆಟ್ಟಿಲಿಳಿಯುವ ಅಗತ್ಯವಿಲ್ಲ. ಸ್ಪೀಡ್‌ಬ್ರೇಕರ್ ದಾಟಲು ಎರಡನೆಯ ಗೇರನ್ನು ಅದಕ್ಕೆ ಮುಂಚೆಯೇ ಹಾಕಿಕೊಂಡಿರಿ. 15, 20ರ ವೇಗದಲ್ಲಿ ಮೂರರಿಂದ ಎರಡಕ್ಕೆ ಬರುವಾಗ ಎಂಜಿನ್ ಏರಬೇಕಾದದ್ದು ಕೆಲವೇ ನೂರು ಆರ್‌ಪಿಎಂ. ರೇಸ್ ಕೊಡದೆ ಕ್ಲಚ್ಚನ್ನು ಒಂದಿಷ್ಟು ಮೆಲ್ಲಗೆ ಬಿಟ್ಟರೂ ನಡೆಯುತ್ತದೆ. ಸಯಾನ್‌ನ ಸಂಜೆಯ ದಟ್ಟಣೆಯಲ್ಲಿ ಪ್ರತಿ ಬಾರಿಯೂ ಎಂಜಿನ್ ಗುರುಗುಟ್ಟಿಸುವವರನ್ನು ಯಾರೂ ಮೆಚ್ಚುವುದಿಲ್ಲ.

ಮಳೆಯಲ್ಲಿ

ಮಳೆಗಾಲದಲ್ಲಿ ಇದೇ ಕೌಶಲ ಸುಖದ ಮಾತಾಗಿ ಉಳಿಯದೆ ಸುರಕ್ಷತೆಯ ಮಾತಾಗುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂಚಕ್ರಗಳಿಂದ ಎಳೆಯುವಂಥವು. ಒದ್ದೆ ರಸ್ತೆಯಲ್ಲಿ ರೇಸ್ ಕೊಡದೆ ಎರಡು ಹಾಕಿ ಕ್ಲಚ್ ಥಟ್ಟನೆ ಬಿಟ್ಟರೆ, ಎಂಜಿನ್ನಿನ ತಡೆಯಿಂದಲೇ ಮುಂಚಕ್ರಗಳು ಹಿಡಿತ ತಪ್ಪಿ ಜಾರಬಹುದು. ಸ್ಟೀರಿಂಗ್ ಮಾಡುವುದೂ ಅವೇ ಚಕ್ರಗಳಾದ್ದರಿಂದ ಕಾರು ತಿರುವನ್ನು ಬಿಟ್ಟು ನೇರ ಹೋಗುತ್ತದೆ. ಚಕ್ರಗಳು ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇದೆಯಲ್ಲ ಎಂದು ನಂಬುವಂತಿಲ್ಲ. ಅದು ಕೆಲಸ ಮಾಡುವುದು ಬ್ರೇಕ್ ಒತ್ತಿದಾಗ ಮಾತ್ರ. ಗೋವಾದ ಒಳರಸ್ತೆಗಳಲ್ಲಿ ಮೊದಲ ಮಳೆಗೆ ಹರಿದುಬಂದ ಕೆಂಪು ಮಣ್ಣು ಡಾಂಬರಿನ ಮೇಲೆ ತೆಳುವಾಗಿ ಹರಡಿಕೊಂಡಿರುವಾಗ ಇನ್ನೂ ಎಚ್ಚರ ಬೇಕು. ಅಂಥಲ್ಲಿ ಬ್ರೇಕನ್ನು ದೂರದಿಂದಲೇ ಶುರುಮಾಡಿ, ಒಣ ರಸ್ತೆಯಲ್ಲಿ ಇಳಿಸುವುದಕ್ಕಿಂತ ಕಡಿಮೆ ವೇಗಕ್ಕೆ ಬಂದ ಮೇಲೆ ಗೇರ್ ಇಳಿಸಿ, ಕ್ಲಚ್ಚನ್ನು ಹಿಡಿಯುವ ಜಾಗದಲ್ಲಿ ತುಸು ಹೆಚ್ಚು ಹೊತ್ತು ತಡೆಯಿರಿ. ಚಕ್ರ ಜಾರಿತೆನ್ನಿಸಿದರೆ ಮಾಡಬೇಕಾದದ್ದು ಒಂದೇ, ಕ್ಲಚ್ಚನ್ನು ಮತ್ತೆ ಒತ್ತುವುದು.

ಡಬಲ್ ಕ್ಲಚ್, ಹೀಲ್ ಅಂಡ್ ಟೋ

ಸಿಂಕ್ರೋ ಇಲ್ಲದ ಹಳೆಯ ಲಾರಿಗಳಲ್ಲಿ ಡಬಲ್ ಕ್ಲಚ್ ಮಾಡದೆ ಗೇರ್ ಬೀಳುತ್ತಲೇ ಇರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ರೇಸ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್ ಹಾಕುವುದು ಅದರ ಕ್ರಮ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಿರುವುದರಿಂದ ರೇಸ್ ಕೊಟ್ಟಾಗ ಎಂಜಿನ್ ಜೊತೆಗೆ ಗೇರ್‌ಬಾಕ್ಸಿನ ಒಳಶಾಫ್ಟೂ ವೇಗ ಪಡೆಯುತ್ತದೆ. ಇಂದಿನ ಕಾರಿಗೆ ದಿನನಿತ್ಯ ಇದರ ಅಗತ್ಯವಿಲ್ಲ. ಎರಡನೆಯ ಗೇರಿನ ಸಿಂಕ್ರೋ ಸವೆದು ಕರಕರ ಎನ್ನುವ ಹಳೆಯ ಕಾರಿನಲ್ಲಿ, ಇಲ್ಲವೇ ಕಡಿದಾದ ಏರಿನಲ್ಲಿ ಉರುಳುತ್ತಿರುವಾಗಲೇ ಒಂದನೆಯದನ್ನು ಹಾಕಬೇಕಾಗಿ ಬಂದಾಗ ಮಾತ್ರ ಇದು ಕಾಪಾಡುತ್ತದೆ.

ಹೀಲ್ ಅಂಡ್ ಟೋ ಎಂದರೆ ಬಲಪಾದದ ಮುಂಭಾಗದಿಂದ ಬ್ರೇಕ್ ಒತ್ತುತ್ತಿರುವಾಗಲೇ ಅದೇ ಪಾದದ ಅಂಚಿನಿಂದ ಆಕ್ಸಿಲರೇಟರ್ ತಟ್ಟುವುದು. ರೇಸ್ ಟ್ರ್ಯಾಕಿನಲ್ಲಿ ಬ್ರೇಕ್ ಬಿಡಲು ಪುರುಸೊತ್ತು ಇಲ್ಲದವರಿಗೆ ಅದು ಬೇಕು. ಕುಟುಂಬವನ್ನು ಕೂರಿಸಿಕೊಂಡು ಹೋಗುವ ಕಾರುಗಳ ಪೆಡಲುಗಳು ಬಹುಪಾಲು ಅದಕ್ಕೆ ಹೊಂದುವಂತೆ ಇರುವುದೂ ಇಲ್ಲ. ಬ್ರೇಕ್ ಪೆಡಲ್ ಎತ್ತರದಲ್ಲಿದ್ದು, ಮೆಲ್ಲಗೆ ಒತ್ತಿದಾಗ ಆಕ್ಸಿಲರೇಟರ್ ಪಾದಕ್ಕೆ ಎಟುಕುವುದಿಲ್ಲ. ಎಟುಕಿಸಲು ಹೋಗಿ ಬ್ರೇಕ್ ಹೆಚ್ಚು ಒತ್ತಿಹೋದರೆ ಹಿಂದಿನವನು ಬಂದು ಗುದ್ದುತ್ತಾನೆ. ಸಾರ್ವಜನಿಕ ರಸ್ತೆಯಲ್ಲಿ ಇದನ್ನು ಅಭ್ಯಾಸ ಮಾಡುವುದನ್ನು ನಾನು ಒಪ್ಪಲಾರೆ. ವೇಗವನ್ನು ಮುಂಚೆಯೇ ಇಳಿಸಿಕೊಂಡವರಿಗೆ ಬ್ರೇಕ್ ಬಿಟ್ಟು ರೇಸ್ ಕೊಡಲು ಯಾವಾಗಲೂ ಸಮಯ ಇದ್ದೇ ಇರುತ್ತದೆ.

ಗೇರ್ ಬೀಳದಿದ್ದರೆ

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕೆಳಗಿನ ಗೇರ್ ಅಡ್ಡ ನಿಂತರೆ ಬಲ ಹಾಕಿ ತುರುಕಬೇಡಿ. ಲಿವರನ್ನು ನ್ಯೂಟ್ರಲ್‌ಗೆ ತಂದು, ಕ್ಲಚ್ ಪೂರ್ತಿ ಬಿಟ್ಟು ಮತ್ತೆ ಒತ್ತಿ, ಇನ್ನೊಮ್ಮೆ ಹಾಕಿ ನೋಡಿ. ಎಲ್ಲ ಗೇರುಗಳೂ ಬಿಗಿಯಾಗಿದ್ದು, ನಿಂತಿರುವಾಗ ರಿವರ್ಸ್ ಹಾಕಿದರೂ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲವೆಂದು ಅರ್ಥ. ಆಗ ಮೊದಲು ನೋಡಬೇಕಾದದ್ದು ಪೆಡಲಿನ ಕೆಳಗೆ ಮಡಿಚಿಕೊಂಡ ಮ್ಯಾಟ್. ಆಮೇಲೆ ಕ್ಲಚ್ ಕೇಬಲ್ ಅಥವಾ ಹೈಡ್ರಾಲಿಕ್ ಸಿಲಿಂಡರಿನ ಸೋರಿಕೆ. ಒಂದೇ ಒಂದು ಗೇರ್ ಮಾತ್ರ ಕರಕರ ಎನ್ನುತ್ತಿದ್ದರೆ ಅದರ ಸಿಂಕ್ರೋ ಸವೆದಿದೆ. ಮುಂಜಾನೆಯ ಚಳಿಯಲ್ಲಿ ಮೊದಲ ಕೆಲವು ಕಿಲೋಮೀಟರ್ ಎರಡನೆಯದು ಬಿಗಿಯಾಗಿದ್ದು ಆಮೇಲೆ ಸಡಿಲವಾದರೆ ಗೇರ್ ಆಯಿಲ್ ಇನ್ನೂ ದಪ್ಪಗಿತ್ತು ಅಷ್ಟೆ. ಬಿಸಿಯಾದ ಮೇಲೂ ಬಿಗಿತ ಹೋಗದಿದ್ದರೆ ಆಯಿಲಿನ ಮಟ್ಟವನ್ನೂ ದರ್ಜೆಯನ್ನೂ ಪರೀಕ್ಷಿಸಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮುಳ್ಳು ಏರಿದರೂ ಕಾರು ವೇಗ ಪಡೆಯದಿದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ. ಅಂಥ ಗಾಡಿಯನ್ನು ಮೆಕ್ಯಾನಿಕ್ಕಿಗೆ ತೋರಿಸದೆ ಘಟ್ಟಕ್ಕೆ ಒಯ್ಯಬಾರದು.